ಮಗನಿಗೆ ಕಾರ್ಟಿಂಗ್ ಮಾಡಿಸಲಾ, ಸಿಮ್ಯುಲೇಟರ್ ಕೊಡಿಸಲಾ? ಅನುಭವ ಇದ್ದವರು ಹೇಳಿ

ನವನಗರದ ಅಪ್ಪ, ಬಾಗಲಕೋಟೆ:
ಮಗನಿಗೆ 11 ವರ್ಷ. ಗೋವಾದಲ್ಲಿ ಬಾಡಿಗೆ ಕಾರ್ಟ್ (ಪುಟ್ಟ ರೇಸ್ ಗಾಡಿ) ಓಡಿಸಿದಾಗಿನಿಂದ ಬೇರೆ ಮಾತೇ ಇಲ್ಲ. ನಮ್ಮ ಕಡೆ ಟ್ರ್ಯಾಕ್ ಇಲ್ಲ. ಕೊಲ್ಹಾಪುರಕ್ಕೆ ಕಳಿಸಲಾ, ಬೆಂಗಳೂರಿಗಾ, ಅಥವಾ ಸದ್ಯಕ್ಕೆ ಮನೆಯಲ್ಲೇ ಸಿಮ್ಯುಲೇಟರ್ (ಸ್ಟೀರಿಂಗ್, ಪೆಡಲ್ ಇಟ್ಟು ಪರದೆಯ ಮೇಲೆ ರೇಸ್ ಓಡಿಸುವುದು) ಕೊಡಿಸಲಾ? ವರ್ಷಕ್ಕೆ 2 ಲಕ್ಷದವರೆಗೆ ಹಾಕಬಹುದು. ಹುಡುಗನಿಗೆ ಕನ್ನಡಕ ಇದೆ, ಅದೇನಾದರೂ ತೊಂದರೆಯಾ?

ಟಿಳಕವಾಡಿ, ಬೆಳಗಾವಿ:
2 ಲಕ್ಷ ಓದಿ ನಗು ಬಂತು ಸರ್, ಬೇಜಾರಾಗಬೇಡಿ. ನನ್ನ ಮಗಳು ರೋಟಾಕ್ಸ್ ಎಂಜಿನ್ನಿನ ಕಾರ್ಟ್ ರೇಸಿನಲ್ಲಿ ಚಿಕ್ಕ ಮಕ್ಕಳ ಮೈಕ್ರೋ ಮ್ಯಾಕ್ಸ್ ಕ್ಲಾಸಿನಿಂದ ದೊಡ್ಡ ಮಕ್ಕಳ ಜೂನಿಯರ್ ಮ್ಯಾಕ್ಸ್‌ವರೆಗೆ ಓಡಿಸಿದಳು. ಕಾರ್ಟಿನ ರೇಟು, ಎಂಟ್ರಿ ಫೀ ಎಲ್ಲರಿಗೂ ಗೊತ್ತಿರುತ್ತದೆ. ಮಿಕ್ಕಿದ್ದನ್ನು ಕೇಳಿ. ನಮಗೆ ಟೈರ್ ಸೆಟ್ 20 ಸಾವಿರದ ಹತ್ತಿರ ಬೀಳುತ್ತಿತ್ತು. ಪ್ರಾಕ್ಟೀಸಿಗೆ ಹಳೇದು ಸಾಕು ಅನ್ನುತ್ತಾರೆ. ಹಳೇ ಟೈರಿನಲ್ಲಿ ಬಂದ ಲ್ಯಾಪ್ ಟೈಮ್ ನೋಡಿ ಮಗು ಅಳುತ್ತದೆ, ನೀವು ಹೊಸದು ಹಾಕಿಸುತ್ತೀರಿ. ಯಾರೋ ಹಿಂದಿನಿಂದ ಗುದ್ದಿದರು, ಆ್ಯಕ್ಸಲ್ ಬಾಗಿತು. ಅದರ ಜೊತೆಗೆ ಬೇರಿಂಗೂ ಹೋಯಿತು. ಚೈನ್, ಸ್ಪ್ರಾಕೆಟ್, ಪ್ಲಗ್, 2-ಸ್ಟ್ರೋಕ್ ಆಯಿಲ್, ಇವೆಲ್ಲ ಸಣ್ಣ ಬಿಲ್ಲು. ತಿಂಗಳ ಕೊನೆಗೆ ಕೂಡಿಸಿದರೆ ಸಣ್ಣದಲ್ಲ.

ಎಂಜಿನ್ ಸೀಲ್ ಆಗಿರುತ್ತದೆ, ನಾವು ಬಿಚ್ಚುವ ಹಾಗಿಲ್ಲ. 50 ಗಂಟೆ ಓಡಿದ ಮೇಲೆ ಪಿಸ್ಟನ್ ಬದಲಿಸಬೇಕು, ಅದೂ ಅವರು ಒಪ್ಪಿದ ಸೆಂಟರಿನಲ್ಲೇ. ಎಂಜಿನ್ ಹದ ಮಾಡಿಕೊಡುವ ಒಬ್ಬ ಟ್ಯೂನರ್ ಮುಂಗಡ 40 ಸಾವಿರ ತೆಗೆದುಕೊಂಡ. ಚಳಿಯ ಬೆಳಿಗ್ಗೆ ಕಾರ್ಬುರೇಟರಿನಲ್ಲಿ ಹಿಂದಿನ ಮಧ್ಯಾಹ್ನದ ಸಣ್ಣ ಜೆಟ್ಟನ್ನೇ (ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ಬಿಟ್ಟು ಕಾರ್ಟ್ ಹೊರಗೆ ಕಳಿಸಿದ. ತಣ್ಣಗಿನ ಗಾಳಿ ದಟ್ಟ, ಪೆಟ್ರೋಲ್ ಕಮ್ಮಿ ಬಿತ್ತು, ಪಿಸ್ಟನ್ ಜಾಮ್. "ಹುಡುಗಿ ಎಂಜಿನ್ ಸರಿಯಾಗಿ ಬಿಸಿ ಮಾಡಲಿಲ್ಲ" ಅಂದ. ಆ ಮಾತು ಇವತ್ತಿಗೂ ಮರೆತಿಲ್ಲ.

ಪಕ್ಕೆಲುಬಿನ ಪ್ರೊಟೆಕ್ಟರ್ ಮಾತ್ರ ಒಳ್ಳೇದನ್ನೇ ತಗೊಳ್ಳಿ. ಸೀಟು ಒಂದು ಸೈಜು ದೊಡ್ಡದಾದರೂ ಮಗು ಒಳಗೆ ಅಲುಗಾಡಿ ಪಕ್ಕೆ ನೀಲಿಗಟ್ಟುತ್ತದೆ. ಫೋಮ್ ತುರುಕಿ ನೋಡಿದೆವು, ಉಪಯೋಗ ಇಲ್ಲ.

ವಿಜಯಪುರ ಸಿಮ್ ಹುಡುಗ:
ಇದಕ್ಕೇ ನಾನು ಸಿಮ್ (ಸಿಮ್ಯುಲೇಟರ್) ಅನ್ನೋದು. ಗಾಂಧಿ ಚೌಕದ ಹತ್ತಿರ ಒಬ್ಬ ವೆಲ್ಡರ್ ಕೈಲಿ ಚೌಕಾಕಾರದ ಪೈಪಿನ ರಿಗ್ (ಸೀಟು, ಸ್ಟೀರಿಂಗ್ ಕೂರಿಸುವ ಚೌಕಟ್ಟು) ಮಾಡಿಸಿದೆ, 6,500 ರೂಪಾಯಿ. ಸೀಟು ಗುಜರಿಯ ಕಾರಿನದು. ಸ್ಟೀರಿಂಗ್ ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29. ಜಾಸ್ತಿ ದುಡ್ಡು ಹಾಕಿದ್ದು ಬ್ರೇಕ್ ಪೆಡಲ್‌ಗೆ. ಮಾಮೂಲಿ ಪೆಡಲ್ ನಿಮ್ಮ ಕಾಲು ಎಷ್ಟು ದೂರ ಹೋಯಿತು ಅಂತ ಅಳೆಯುತ್ತದೆ. ಲೋಡ್ ಸೆಲ್ ಪೆಡಲ್ ಎಷ್ಟು ಜೋರಾಗಿ ಒತ್ತಿದಿರಿ ಅಂತ ಅಳೆಯುತ್ತದೆ. ನಿಜವಾದ ರೇಸ್ ಕಾರಿನಲ್ಲಿ ಕಾಲು ನೆನಪಿಡುವುದು ಆ ಒತ್ತಡವನ್ನೇ. ಎಡಗಾಲಲ್ಲಿ ಬ್ರೇಕ್ ಹಾಕುವ ರೂಢಿಯೂ ಮನೆಯಲ್ಲೇ ಆಗುತ್ತದೆ. ಜಾನ್ ಮಾರ್ಡೆನ್‌ಬರೋ 2011ರಲ್ಲಿ ಜಿಟಿ ಅಕಾಡೆಮಿ (ಗೇಮ್ ಆಡುವವರನ್ನು ರೇಸ್ ಡ್ರೈವರ್ ಮಾಡುವ ಸ್ಪರ್ಧೆ) ಗೆದ್ದು, 2013ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆ ರೇಸಿನಲ್ಲಿ ತನ್ನ ಕ್ಲಾಸಿನಲ್ಲಿ ಮೂರನೇ ಬಂದ. ಪ್ಲೇಸ್ಟೇಷನ್‌ನಿಂದ ಬಂದವನು. ಇನ್ನೇನು ಬೇಕು?

ನನಗೆ ಕಾಟ ಕೊಟ್ಟಿದ್ದು ಕರೆಂಟು ಒಂದೇ. ಆನ್‌ಲೈನ್ ಲೀಗ್ ರೇಸಿನಲ್ಲಿ ಮೂರನೇ ಸ್ಥಾನದಲ್ಲಿದ್ದೆ, ಕೊನೇ ಲ್ಯಾಪು, ಮನೆಯೇ ಕತ್ತಲು. ಯುಪಿಎಸ್‌ಗೆ 9 ಸಾವಿರ ಮೊದಲೇ ಎತ್ತಿಡಿ.

ಟಿಳಕವಾಡಿ, ಬೆಳಗಾವಿ:
ತಮ್ಮಾ, ಅವನ ಖರ್ಚು ಹೊತ್ತಿದ್ದು ನಿಸ್ಸಾನ್. ನಿನ್ನದು ಯಾರು ಹೊರುತ್ತಾರೆ? ಸಿಮ್‌ನಲ್ಲಿ ಗೋಡೆಗೆ ಗುದ್ದಿದರೆ ರೀಸೆಟ್ ಒತ್ತುತ್ತೀಯ. ನನ್ನ ಮಗಳು ಬಿಸಿಲಲ್ಲಿ ಹೆಲ್ಮೆಟ್ ಹಾಕಿ ಕುತ್ತಿಗೆ ನೋವು ತಡೆದುಕೊಂಡು ಹತ್ತು ಜನರ ನಡುವೆ ಬ್ರೇಕ್ ಹಾಕಬೇಕು.

ವಿಜಯಪುರ ಸಿಮ್ ಹುಡುಗ:
ನಿಮ್ಮ ಮಗಳು ಈಗ ಎಲ್ಲಿ ಓಡಿಸುತ್ತಿದ್ದಾರೆ ಕಾಕಾ?

ಟಿಳಕವಾಡಿ, ಬೆಳಗಾವಿ:
ಪಿಯುಸಿ ಸೈನ್ಸ್ ಮಾಡುತ್ತಿದ್ದಾಳೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಉದ್ಯಮಬಾಗ್ ಟರ್ನರ್:
ಇಬ್ಬರದೂ ಶ್ರೀಮಂತರ ಜಗಳ. ನಮ್ಮ ಶಾಪಿನಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಗೋ-ಕಾರ್ಟ್ ಮಾಡಿಕೊಡುತ್ತೇವೆ. ಪಲ್ಸರ್ ಎಂಜಿನ್, ಪೈಪಿನ ಫ್ರೇಮ್, ಎಲ್ಲ ಸೇರಿ 80 ಸಾವಿರ. ಹೊಲದಲ್ಲೇ ಟ್ರ್ಯಾಕ್ ಬಳಿದುಕೊಂಡು ಓಡಿಸಲಿ. ಇಟಲಿ ಚಾಸಿಗೆ (ಕಾರ್ಟಿನ ಚೌಕಟ್ಟಿಗೆ) ಲಕ್ಷಗಟ್ಟಲೆ ಯಾಕೆ?

ಟಿಳಕವಾಡಿ, ಬೆಳಗಾವಿ:
ಯಾಕಂದರೆ ಅದು ತಿರುಗುತ್ತದೆ! ರೇಸಿಂಗ್ ಕಾರ್ಟಿನಲ್ಲಿ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ, ಸಸ್ಪೆನ್ಷನ್ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆ್ಯಕ್ಸಲ್‌ಗೆ ಬಿಗಿದಿರುತ್ತವೆ. ತಿರುವಿನಲ್ಲಿ ಒಳಗಿನ ಹಿಂಚಕ್ರ ಕೂದಲೆಳೆಯಷ್ಟಾದರೂ ಮೇಲೇಳಬೇಕು, ಇಲ್ಲಾಂದರೆ ಕಾರ್ಟ್ ನೆಟ್ಟಗೆ ಹೋಗಿ ಟೈರಿನ ಗೋಡೆಗೆ ಬೀಳುತ್ತದೆ. ಆ ಚಕ್ರ ಎತ್ತುವುದು ಸ್ಟೀರಿಂಗ್‌ನ ಕೋನ ಮತ್ತು ಚಾಸಿಯ ಬಾಗುವಿಕೆ. ನೀವು ಮಾಡುವ ಫ್ರೇಮು ಬಾಗಲ್ಲ.

ಉದ್ಯಮಬಾಗ್ ಟರ್ನರ್:
ಬಾಗಲ್ಲ ಅಂತ ನೋಡಿದ್ದೀರಾ? ನಿಮ್ಮ ಆ್ಯಕ್ಸಲ್ ಒಂದು ಗುದ್ದಿಗೇ ಬಾಗಿತು ಅಂತ ನೀವೇ ಬರೆದಿದ್ದೀರಿ. ನಮ್ಮದು ಬಾಗಲ್ಲ ಅನ್ನೋದು ದೂರಾ, ಹೊಗಳಿಕೆಯಾ?

ವಿದ್ಯಾಗಿರಿ ತಾಯಿ, ಬಾಗಲಕೋಟೆ:
ಎಲ್ಲರೂ ಕಾರ್ಟಿನಲ್ಲೇ ನಿಂತಿದ್ದೀರಿ. ನನ್ನ ಮಗ ಕಾರ್ಟ್ ಬೇಗ ಬಿಟ್ಟು ಎಲ್‌ಜಿಬಿ ಫಾರ್ಮುಲಾ 4ಗೆ (ಒಂದೇ ಸೀಟಿನ ರೇಸ್ ಕಾರು) ಹೋದ, ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ. 1300 ಸಿಸಿ, ಗೇರು ಕೈಯಲ್ಲೇ ಹಾಕಬೇಕು. ಕಾರು ಟೀಮಿನದು, ಡ್ಯಾಮೇಜ್ ನಮ್ಮದು. ಈ ಸಾಲು ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೇರೆಯವನು ತಿರುವಿನಲ್ಲಿ ಒಳಗೆ ನುಗ್ಗಿ ಹೊಡೆದ. ನೋಸ್ ಹೋಯಿತು, ವಿಷ್‌ಬೋನ್ (ಚಕ್ರ ಹಿಡಿಯುವ ಸಸ್ಪೆನ್ಷನ್ ತೋಳು) ಹೋಯಿತು, ಒಂದು ರಿಮ್ಮು. ಬಿಲ್ಲು ಬಂದಿದ್ದು ನಮಗೆ, 1 ಲಕ್ಷ 10 ಸಾವಿರ. ಆ ಸಲ ಕಬ್ಬಿನ ಬಿಲ್ ಇನ್ನೂ ಬಂದಿರಲಿಲ್ಲ. ಒಂದು ಬಳೆ ಜೋಡಿ ಅಡವಿಟ್ಟೆ. ನನಗೆ ಅದರ ಬಗ್ಗೆ ಬೇಸರ ಇಲ್ಲ, ಹುಡುಗ ಮುಂದಿನ ರೇಸಿನಲ್ಲಿ ಐದನೇ ಬಂದ. ನನಗೆ ಸಿಟ್ಟು ಶಾಲೆಯ ಮೇಲೆ. ಎಸ್‌ಎಸ್‌ಎಲ್‌ಸಿ ಹಾಜರಿ ಕಮ್ಮಿ ಅಂತ ಹೆಡ್‌ಮಾಸ್ತರ್ ಎದುರು ನನ್ನನ್ನು ಅರ್ಧ ದಿನ ಕೂರಿಸಿದರು. ಕಬಡ್ಡಿಗೆ ಹೋದವರಿಗೆ ಹಾಜರಿ ಕೊಟ್ಟರು.

ಈಗ ಎಫ್‌ಐಎ ಎಫ್4 ಇಂಡಿಯನ್ ಚಾಂಪಿಯನ್‌ಷಿಪ್ ಇದೆ, 2023ರಲ್ಲಿ ಶುರುವಾಯಿತು, 15 ತುಂಬಿರಬೇಕು. ನಮ್ಮ ಕಾಲಕ್ಕೆ ಇದ್ದಿದ್ದರೆ ಅನ್ನಿಸುತ್ತದೆ. ಆದರೆ ಅದರ ಖರ್ಚು ಕೇಳಿ ಸುಮ್ನಾದೆ.

ವಿಜಯಪುರ ಸಿಮ್ ಹುಡುಗ:
ಅಕ್ಕಾರೆ, ಅಷ್ಟು ಮಾಡಿಯೂ ಎಲ್ಲಿಗೆ? ಭಾರತದಿಂದ ಎಫ್1ಗೆ (ಫಾರ್ಮುಲಾ 1) 2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಂದೋಕ್. ಆಮೇಲೆ ಹೊಸಬರು ಯಾರೂ ಇಲ್ಲ.

ವಿದ್ಯಾಗಿರಿ ತಾಯಿ, ಬಾಗಲಕೋಟೆ:
ಎಫ್1 ಅಂತ ನಾನೆಲ್ಲಿ ಬರೆದೆ ತಮ್ಮಾ? ಕ್ರಿಕೆಟ್ ಆಡುವ ಮಕ್ಕಳೆಲ್ಲ ಭಾರತ ತಂಡಕ್ಕೆ ಹೋಗುತ್ತಾರಾ? ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೋದಲ್ಲಿ ಎಫ್2 (ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನದು) ಸ್ಪ್ರಿಂಟ್ ರೇಸ್ ಗೆದ್ದಾಗ ನಮ್ಮ ಮನೆಯಲ್ಲಿ ಪೇಢಾ ಹಂಚಿದ್ದೇವೆ.

ಟಿಳಕವಾಡಿ, ಬೆಳಗಾವಿ:
ಅವರಪ್ಪನೂ ರೇಸ್ ಓಡಿಸಿದವರು. ಮನೆಯಲ್ಲೇ ಹೇಳಿಕೊಡುವವರಿದ್ದರು. ನಮಗೆ ಯಾರಿದ್ದರು?

ನವನಗರದ ಅಪ್ಪ, ಬಾಗಲಕೋಟೆ:
ಎಲ್ಲರಿಗೂ ಧನ್ಯವಾದ. ಕನ್ನಡಕದ ಬಗ್ಗೆ ಯಾರಾದರೂ?

ವಿದ್ಯಾಗಿರಿ ತಾಯಿ, ಬಾಗಲಕೋಟೆ:
ಹೆಲ್ಮೆಟ್ ಹಾಕಿದ ಮೇಲೆ ಕನ್ನಡಕ ತೂರಿಸಬೇಕು, ತೆಳು ಕಡ್ಡಿಯದು ಮಾಡಿಸಿ. ನನ್ನ ಮಗನಿಗೂ ಇತ್ತು.

ಹಳೇ ವಿಜಯಪುರದವ:
ನಮ್ಮೂರಲ್ಲಿ ಸೈಕ್ಲಿಂಗ್ ಹಾಸ್ಟೆಲ್ ಇದೆ. ಊಟ, ವಸತಿ, ಕೋಚ್ ಸರ್ಕಾರದ್ದು. ಟೈರ್ ಸೆಟ್ಟಿಗೆ 20 ಸಾವಿರ ಕೊಡುವ ಬದಲು ಹುಡುಗನ ಕಾಲು ಗಟ್ಟಿ ಮಾಡಿಸಿ. ಸ್ಪೀಡೇ ಬೇಕಂದರೆ ಜಾತ್ರೆಯಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ಇರುತ್ತದಲ್ಲ. ಟ್ರೇಲರ್ ಸಮೇತ ಹಿಮ್ಮುಖ ಓಡಿಸೋದು ನಿಮ್ಮ ಲೋಡ್ ಸೆಲ್‌ನಿಂದ ಬರಲ್ಲ.

ವಿಜಯಪುರ ಸಿಮ್ ಹುಡುಗ:
11ರ ಹುಡುಗ ಟ್ರ್ಯಾಕ್ಟರ್ ಓಡಿಸಬೇಕಾ ಕಾಕಾ? ಬರೆಯುವ ಮುಂಚೆ ಪ್ರಶ್ನೆ ಓದಿ.

ಹಳೇ ವಿಜಯಪುರದವ:
ನಾನು ಆ ವಯಸ್ಸಿಗೆ ಗಾಡಾ ಓಡಿಸಿದ್ದೇನೆ. ನೀನು ಯುಪಿಎಸ್ ಮುಂದೆ ಕೂತವನು.

ಉದ್ಯಮಬಾಗ್ ಟರ್ನರ್:
ಟಿಳಕವಾಡಿ ಸರ್, ಆ ಬಾಗಿದ ಆ್ಯಕ್ಸಲ್ ಎಸೆದಿಲ್ಲ ತಾನೇ? ಶಾಪಿಗೆ ತನ್ನಿ. ಲೇತಿನ ಸೆಂಟರಿಗೆ ಕಟ್ಟಿ ಅಳೆಯುವ ಡಯಲ್ ಹಚ್ಚಿ ತೋರಿಸುತ್ತೇನೆ, ಎಷ್ಟು ಬಾಗಿದೆ ಅಂತ. ನೆಟ್ಟಗಾದರೆ ದುಡ್ಡು ಬೇಡ, ಇಲ್ಲಿ ಬರೆದರೆ ಸಾಕು.

ಟಿಳಕವಾಡಿ, ಬೆಳಗಾವಿ:
ಶನಿವಾರ ಬರುತ್ತೇನೆ. ನೆಟ್ಟಗಾಗಲ್ಲ, ಆದರೂ ತರುತ್ತೇನೆ.