ಕಾಪು ಕಡಲತೀರ: ಕೆರೆಯಲ್ಲಿ ಈಜು ಕಲಿತ ಮಗನನ್ನು ಸಮುದ್ರಕ್ಕೆ ಇಳಿಸಬಹುದೇ?

ಪ್ರಶ್ನೆ – ಗುಬ್ಬಿಯಿಂದ

ಡಿಸೆಂಬರ್ ಕೊನೆಯ ವಾರದಲ್ಲಿ ತಾಯಿಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಉಡುಪಿಗೆ ಹೊರಟಿದ್ದೇವೆ. ಎಪ್ಪತ್ತು ದಾಟಿದ ನನ್ನ ತಾಯಿ ಈವರೆಗೆ ಸಮುದ್ರವನ್ನು ಕಂಡವರಲ್ಲ. ಆದ್ದರಿಂದ ಕೃಷ್ಣಮಠದ ದರ್ಶನ ಮುಗಿಸಿ ಒಂದು ಸಂಜೆ ಕಾಪುವಿನ ಮರಳ ತೀರದಲ್ಲಿ ಕುಳಿತು ಬರಬೇಕೆಂದಿದ್ದೇವೆ. ನನ್ನ ಚಿಂತೆ ಹದಿನಾರು ವರ್ಷದ ಮಗನದು. ನಮ್ಮೂರ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜಿ ದಾಟುವ ಅವನು ಸಮುದ್ರದಲ್ಲೂ ಈಜಿಯೇ ತೀರುತ್ತೇನೆಂದು ಹಟ ಹಿಡಿದಿದ್ದಾನೆ. ಬಿಡಬಹುದೇ? ಮೀನುಗಾರರು ಬಲೆ ಎಳೆಯುವುದನ್ನು ಹತ್ತಿರ ನಿಂತು ನೋಡಿದರೆ ಅವರಿಗೆ ತೊಂದರೆಯಾದೀತೇ?

ಉತ್ತರ – ತುಮಕೂರಿನಿಂದ

ನಾನು ಕಾಪುವಿನ ಬಳಿ, ಕರಾವಳಿಯ ಮೀನುಗಾರ ಸಮುದಾಯವಾದ ಮೊಗವೀರರ ಮನೆಯಲ್ಲಿ ಹುಟ್ಟಿ, ಕೆಲಸದ ನಿಮಿತ್ತ ಹನ್ನೆರಡು ವರ್ಷಗಳಿಂದ ತುಮಕೂರಿನಲ್ಲಿದ್ದೇನೆ. ದಯವಿಟ್ಟು ಮಗನನ್ನು ಈಜಲು ಬಿಡಬೇಡಿ. ಕೆರೆಯದು ನಿಂತ ನೀರು. ಸಮುದ್ರದಲ್ಲಿ ದಡಕ್ಕೆ ನುಗ್ಗಿದ ನೀರು ಹಿಂದಿರುಗುವಾಗ ಕೆಲವೆಡೆ ಒಟ್ಟುಗೂಡಿ, ಓಣಿಯಷ್ಟು ಕಿರಿದಾದ ಜಾಗದಲ್ಲಿ ಆಳದ ಕಡೆಗೆ ರಭಸವಾಗಿ ಹರಿಯುತ್ತದೆ. ಇದನ್ನೇ ಸೆಳೆತ ಎನ್ನುತ್ತೇವೆ. ಅಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ಎರಡೂ ಬದಿಯ ಬಿಳಿ ನೊರೆಯ ನಡುವೆ ಅದೇ ಶಾಂತವಾದ ಜಾಗವಾಗಿ ಕಾಣುತ್ತದೆ, ಹೊರಗಿನಿಂದ ಬಂದವರು ಅದನ್ನೇ ನಂಬಿ ಇಳಿಯುತ್ತಾರೆ. ಒಳ್ಳೆಯ ಈಜುಗಾರನೂ ನೇರವಾಗಿ ದಡದ ಕಡೆಗೇ ಈಜಲು ಹೆಣಗಿ, ಸುಸ್ತಾಗಿ ಮುಳುಗುತ್ತಾನೆ. ಸಿಕ್ಕಿಬಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಗಳ ಜೊತೆ ದಡ ಸೇರಬೇಕು. ಕೈ ಸೋತರೆ ತೇಲುತ್ತಾ ಕೈಯೆತ್ತಿ ಕೂಗಬೇಕು. ಇದನ್ನು ಮಗನಿಗೆ ಮನೆಯಲ್ಲೇ ತಿಳಿಸಿ ಹೊರಡಿ. ಅಲ್ಲಿ ಮೊಣಕಾಲುದ್ದ ನೀರು ಸಾಕು, ಅದೂ ಊರಿನ ಮೀನುಗಾರರನ್ನು ಕೇಳಿದ ಮೇಲೆ.

1901ರಲ್ಲಿ ಕಟ್ಟಿದ ದೀಪಸ್ತಂಭದ ಬುಡದ ಬಂಡೆಗಳ ಮೇಲೆ ಪಾಚಿಯಿರುತ್ತದೆ; ಫೋಟೋಗಾಗಿ ಅಂಚಿಗೆ ಹೋಗಬೇಡಿ.

ಬಲೆ ಎಳೆಯುವುದನ್ನು ಧಾರಾಳವಾಗಿ ನೋಡಿ. ಕೈರಂಪಣಿಯಲ್ಲಿ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧ ವೃತ್ತವಾಗಿ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಹತ್ತಾರು ಜನ ಎಳೆಯುತ್ತಾರೆ. ಬಿಗಿದ ಹಗ್ಗವನ್ನು ದಾಟಬಾರದು, ಮರಳಿನಲ್ಲಿ ಹರಡಿದ ಬಲೆಯನ್ನು ತುಳಿಯಬಾರದು. ಬಲೆ ಸಮೀಪಿಸಿದಾಗ ಬೂತಾಯಿ, ಬಂಗುಡೆಗಳು ಒಟ್ಟಿಗೆ ಬಡಿದಾಡುವ ಸದ್ದು ಜಡಿಮಳೆಯಂತಿರುತ್ತದೆ, ನಿಮ್ಮ ತಾಯಿಯವರು ಅದನ್ನು ಕೇಳಲೇಬೇಕು. ಬೆಳಗಿನ ಹೊತ್ತು ಹೋದರೆ ಸಿಗುವ ಸಂಭವ ಹೆಚ್ಚು.

ಉತ್ತರ – ಚಿಂತಾಮಣಿಯಿಂದ

ಡಿಸೆಂಬರ್ ಆರಿಸಿಕೊಂಡದ್ದು ಒಳ್ಳೆಯದಾಯಿತು. ನಾವು ಜೂನ್‌ನಲ್ಲಿ ಹೋಗಿ ಮಳೆಯಲ್ಲಿ ಮರಳಿದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೊಡ್ಡ ದೋಣಿಗಳೆಲ್ಲ ದಡದಲ್ಲೇ ಇದ್ದವು.

ತಾಯಿಯವರ ಬಗ್ಗೆ ಒಂದು ಮಾತು. ಅಲೆ ಹಿಂದೆ ಸರಿಯುವಾಗ ಅಂಗಾಲಿನ ಕೆಳಗಿನ ಮರಳು ಜಾರಿ, ನೆಲವೇ ಓಡಿದಂತಾಗಿ ತಲೆ ಸುತ್ತುತ್ತದೆ. ನಮ್ಮ ಅತ್ತೆಯವರು ಪಾದ ಮುಳುಗುವಷ್ಟೇ ನೀರಿನಲ್ಲಿ ಹಾಗೆ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ಇಬ್ಬರು ಎರಡೂ ಕಡೆ ಕೈ ಹಿಡಿದಿರಿ, ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಲು ಬಿಡಬೇಡಿ.

ಪ್ರಶ್ನೆ ಕೇಳಿದವರು – ಗುಬ್ಬಿಯಿಂದ

ಇಬ್ಬರಿಗೂ ಕೃತಜ್ಞತೆಗಳು. ಸೆಳೆತದ ವಿಷಯವನ್ನು ಮಗನಿಂದಲೇ ಗಟ್ಟಿಯಾಗಿ ಓದಿಸಿದೆ. ಓದಿ ಮುಗಿಸಿ, ಆ ಹಗ್ಗಕ್ಕೆ ತಾನೂ ಕೈ ಕೊಡಬಹುದೇ ಎಂದು ಕೇಳಿದ್ದಾನೆ. ಸಂಜೆಯ ಬದಲು ಬೆಳಿಗ್ಗೆಯೇ ಹೋಗುತ್ತೇವೆ.