ಮೂಡುಬಿದಿರೆಯ ಧವಲಾ ಗರಿಗಳು ಮಠದ್ದಾ, ಎಲ್ಲರದ್ದಾ?

ಓಲೆಗರಿ: ದಿಗಂಬರ ಜೈನರ ಹಳೆಯ ಸಿದ್ಧಾಂತ ಗ್ರಂಥ ಷಟ್ಖಂಡಾಗಮಕ್ಕೆ ಜೈನ ಆಚಾರ್ಯ ವೀರಸೇನರು 816ರಲ್ಲಿ ಬರೆದು ಮುಗಿಸಿದ ಟೀಕೆ ಧವಲಾ. ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. 12ನೇ ಶತಮಾನದ ತಾಳೆಗರಿ ಪ್ರತಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿಯಿತು. ಆದರೆ ಶತಮಾನಗಳ ಕಾಲ ಜನಕ್ಕೆ ಸಿಕ್ಕಿದ್ದು ಬರೀ ದರ್ಶನ, ಓದೋಕೆ ಕೊಡಲಿಲ್ಲ. ಇಂಥದ್ದು ಅಲ್ಲಿನ ಜೈನ ಮಠದ ಆಸ್ತಿಯಾಗಿ ಇರಬಾರದು, ಸಾರ್ವಜನಿಕ ಗ್ರಂಥಾಲಯಕ್ಕೆ ಬರಬೇಕು.

ಬಸದಿಬೀದಿ: ‘ಮಠದ ಆಸ್ತಿ’ ಅಂತ ಅಷ್ಟು ಹಗುರವಾಗಿ ಹೇಳಬೇಡಿ. ದೇಮಿಯಕ್ಕ ಎಂಬ ಶ್ರಾವಕಿ (ಜೈನ ಗೃಹಸ್ಥೆ) ಶ್ರುತಪಂಚಮಿ ನೋಂಪಿ (ವ್ರತ) ಮುಗಿಸಿ, ಪ್ರತಿ ಮಾಡಿಸಿ ಶುಭಚಂದ್ರ ಸಿದ್ಧಾಂತದೇವ ಮುನಿಗಳಿಗೆ ಕೊಟ್ಟದ್ದು. ಪ್ರತಿಯ ಕೊನೆಯ ಪ್ರಶಸ್ತಿ ಬರಹದಲ್ಲೇ ಇದೆ. ದಾನ ಮುನಿಗಳಿಗೆ, ಸರ್ಕಾರಕ್ಕಲ್ಲ.

ಹಾಸನದ ಸುಮ: ಶುಭಚಂದ್ರರಿಗೆ ಕೊಟ್ಟದ್ದು ಅಂತ ನೀವೇ ಹೇಳಿದ್ದೀರಿ. ಅವರು ತೀರಿಕೊಂಡ 1123ರ ಶಾಸನ ಇರೋದು ಶ್ರವಣಬೆಳಗೊಳದಲ್ಲಿ. ಹಾಗಾದ್ರೆ ಅಲ್ಲಿಗೆ ಕೊಡಿ.

ಬಸದಿಬೀದಿ: ಕಾಪಾಡಿದ್ದು ಯಾರು? ಮೂಡುಬಿದಿರೆ!

ಓಲೆಗರಿ: ಕಾಪಾಡಿದ್ದಲ್ಲ, ಬೀಗ ಹಾಕಿದ್ದು. 1896ರಲ್ಲಿ ನಕಲು ಶುರುವಾದದ್ದೇ ಹೊರಗಿನ ಸೇಠರು ಚಂದಾ ಎತ್ತಿದ್ದರಿಂದ. ನಕಲು ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಅಲ್ಲಿ ನಾಗರಿ ಲಿಪಿಯಲ್ಲಿ ಬರೆಯುತ್ತಿದ್ದಾಗ, ಮನೆಯಲ್ಲಿ ಹೆಂಡತಿ ಲಕ್ಷ್ಮೀಬಾಯಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಬರೆದರು. ಅದು ಸಹಾರನಪುರ ಸೇರಿ, ಅದರ ನಕಲುಗಳಿಂದಲೇ 1939ರಲ್ಲಿ ಹೀರಾಲಾಲ್ ಜೈನರು ಅಮರಾವತಿಯಿಂದ ಮೊದಲ ಸಂಪುಟ ತಂದದ್ದು.

ಬಸದಿಬೀದಿ: ‘ಗುಟ್ಟಾಗಿ’! ಕಳ್ಳತನವನ್ನೂ ಹೊಗಳ್ತೀರಲ್ಲ ಸ್ವಾಮಿ. ನಕಲು ಊರು ಬಿಟ್ಟು ಹೋಗಬಾರದು ಅಂತ ಇಲ್ಲಿಯವರು ಹೇಳಿದ್ದರು. ಗಜಪತಿ ಆ ಪ್ರತಿ ಹಿಡಿದುಕೊಂಡು ಹೋದಾಗ, ಚಂದಾ ಎತ್ತಿದವರಲ್ಲೇ ಒಬ್ಬರಾದ ಸೊಲ್ಲಾಪುರದ ಹೀರಾಚಂದ್ ನೇಮಚಂದರೇ ಬೇಡ ಅಂದರು.

ಹಾಸನದ ಸುಮ: ಅವರು ಬೇಡ ಅಂದರೆ ಏನಂತೆ, ಸಹಾರನಪುರದ ಜಂಬುಪ್ರಸಾದರು ಕೊಂಡು ತಮ್ಮ ಮಂದಿರದಲ್ಲಿಟ್ಟರು. ಧವಲಾ ಒಂದೇ 72 ಸಾವಿರ ಶ್ಲೋಕದಷ್ಟಿದೆ. ಅಷ್ಟನ್ನು ಆ ಹೆಂಗಸು ಮನೆಯಲ್ಲಿ ಕೂತು ಬರೆದಿದ್ದಾರೆ, ಕಳ್ಳತನ ಅಂತೀರಾ? ನಾಚಿಕೆಯಾಗಬೇಕು.

ಬಸದಿಬೀದಿ: ‘ಕೊಂಡು’ ಅಂದ್ರಲ್ಲ, ಸಾಕು. ದುಡ್ಡು ತಗೊಂಡು ಮಾರಿದ್ದು ಅಂತ ನೀವೇ ಒಪ್ಪಿದ ಹಾಗಾಯ್ತು.

ಗರಿಪ್ರೇಮಿ: ಸ್ವಲ್ಪ ನಿಲ್ಲಿಸ್ತೀರಾ? ಆ ಗರಿಗಳಲ್ಲಿ ಬಣ್ಣದ ಚಿತ್ರಗಳಿವೆ. ಬೆರಳುದ್ದದ ಜಾಗದಲ್ಲಿ ಹಾವಿನ ಹೆಡೆಯ ಕೆಳಗೆ ತೀರ್ಥಂಕರ ಪಾರ್ಶ್ವನಾಥ, ಪಕ್ಕದಲ್ಲಿ ಅವನ ಯಕ್ಷ-ಯಕ್ಷಿ ಧರಣೇಂದ್ರ, ಪದ್ಮಾವತಿ. ಒಣಗಿದ ಗರಿ ಎತ್ತಿದರೆ ಅಂಚು ಸೀಳುತ್ತೆ. ಬೆಂಗಳೂರಿಗೋ ಬೆಳಗೊಳಕ್ಕೋ ಸಾಗಿಸೋ ಮಾತೇ ಬೇಡ. ಅಲ್ಲೇ ಇಟ್ಟು, ಒಳ್ಳೆ ಚಿತ್ರ ತೆಗೆದು ಎಲ್ಲರಿಗೂ ಕೊಡಿ.

ಓಲೆಗರಿ: ‘ಸಾಗಿಸೋ ಮಾತೇ ಬೇಡ’ ಅಂತ ನೀವೂ ಮಠದ ಪರ ಸೇರಿದ್ರಿ.

ಹಾಸನದ ಸುಮ: ಬಸದಿಬೀದಿಯವರೇ, ಲಕ್ಷ್ಮೀಬಾಯಿ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ಬಸದಿಬೀದಿ: ಕಳ್ಳ ಪ್ರತಿ ಎಷ್ಟು ಕಷ್ಟಪಟ್ಟು ಬರೆದರೂ ಕಳ್ಳ ಪ್ರತಿಯೇ. ಆಮೇಲೆ ಮೂಲ ಗರಿ ನೋಡಿ ಪಾಠ ತಾಳೆ ಹಾಕೋಕೆ ಮೂಡುಬಿದಿರೆಯವರೇ ಬಿಟ್ಟರು. ಅದನ್ನ ಯಾಕೆ ಯಾರೂ ಹೇಳ್ತಿಲ್ಲ?

ಓಲೆಗರಿ: ಅಚ್ಚಾದ ಮೇಲೆ ಬಿಟ್ಟರು. ಆ ಅಚ್ಚು ಯಾವ ಪ್ರತಿಯಿಂದ ಬಂತು?

ಬಸದಿಬೀದಿ: ಬಿಟ್ಟರು ತಾನೆ? ಕೀಲಿ ಮಠದಲ್ಲೇ ಇರಲಿ.