ಟ್ರೇಲರ್ ಜೊತೆ ಘಾಟಿ ಇಳಿಯಲು ಎಕ್ಸಾಸ್ಟ್ ಬ್ರೇಕ್ ಹಾಕಬೇಕಾ? ನಿಮ್ಮ ಅನುಭವ ಹೇಳಿ

ಕೇಳಿದವರು, ಚಿತ್ರದುರ್ಗ:

ಎಂಟು ವರ್ಷದಿಂದ ಹತ್ತು ಚಕ್ರದ ಲಾರಿ ಓಡಿಸುತ್ತಿದ್ದೇನೆ, ಎಲ್ಲಾ ಬಯಲುಸೀಮೆಯಲ್ಲೇ. ಮುಂದಿನ ವಾರದಿಂದ ಟ್ರೇಲರ್ ಕೊಡುತ್ತಾರೆ. ಬೆಂಗಳೂರಿನಿಂದ ಪಣಂಬೂರು ಬಂದರಿಗೆ ಕಂಟೇನರ್, ಶಿರಾಡಿ ಘಾಟಿ ಮೇಲೆ ಹೋಗಬೇಕು. ಗಾಡಿಯಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆ ಪೈಪ್ ಮುಚ್ಚಿ ಇಂಜಿನ್ನಿನಿಂದಲೇ ಗಾಡಿ ಹಿಡಿಯುವ ಬ್ರೇಕ್) ಇದೆ. ಹಳೇ ಡ್ರೈವರ್ ಒಬ್ಬರು ಅದನ್ನು ಮುಟ್ಟಬೇಡ, ಇಂಜಿನ್ ಹಾಳಾಗುತ್ತದೆ ಎಂದರು. ಇನ್ನೊಬ್ಬರು ಅದಿಲ್ಲದೆ ಘಾಟಿ ಇಳಿಯಲೇಬೇಡ ಎಂದರು. ಅಣ್ಣಂದಿರೇ, ಯಾರ ಮಾತು ಕೇಳಲಿ?

ಟ್ರೇಲರ್ ಡ್ರೈವರ್, ಸಕಲೇಶಪುರ:

ಎರಡನೆಯವರ ಮಾತು ಕೇಳಿ ತಮ್ಮಾ. ಇಪ್ಪತ್ತು ವರ್ಷದಿಂದ ಇದೇ ರಸ್ತೆಯಲ್ಲಿದ್ದೇನೆ.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳುತ್ತೇನೆ. ಲೋಡ್ ಗಾಡಿ. ಮಾರನಹಳ್ಳಿ ದಾಟಿದ ಮೇಲೆ ಮೇಲಿನ ಗೇರಿನಲ್ಲೇ ಇಳಿಯುತ್ತಿದ್ದೆ, ಕಾಲು ಬ್ರೇಕ್ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಚಕ್ರದಿಂದ ಹೊಗೆ. ಪೆಡಲ್ ಒತ್ತಿದರೆ ಗಾಳಿ ಹೋದ ಸದ್ದು ಬರುತ್ತದೆ, ಗಾಡಿ ಮಾತ್ರ ಹಿಡಿಯುವುದಿಲ್ಲ. ಅಲ್ಲೊಂದು ಕಡೆ ರಸ್ತೆ ಸ್ವಲ್ಪ ಸಮ ಇತ್ತು, ಅಲ್ಲಿ ಹೇಗೋ ನಿಂತಿತು. ಕ್ಲೀನರ್ ಹುಡುಗ ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟ. ನೀರು ಹಾಕೋಣ ಎಂದ, ನಾನು ಬಿಡಲಿಲ್ಲ. ಕಾದ ಬ್ರೇಕ್ ಡ್ರಮ್‌ಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಅದು ತಾನಾಗೇ ತಣಿಯಲಿ ಎಂದು ಒಂದೂವರೆ ಗಂಟೆ ಅಲ್ಲೇ ಕೂತೆವು. ಆ ಗಾಡಿಯಲ್ಲೂ ಎಕ್ಸಾಸ್ಟ್ ಬ್ರೇಕ್ ಇತ್ತು. ನನಗೂ ಯಾರೋ ಮುಟ್ಟಬೇಡ ಅಂದಿದ್ದರು.

ಈಗ ನಾನು ಮಾಡುವುದು ಹೀಗೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸುತ್ತೇನೆ. ಇದೇ ಲೋಡಿನಲ್ಲಿ ಈ ಘಾಟಿ ಹತ್ತಲು ಯಾವ ಗೇರ್ ಬೇಕೋ, ಇಳಿಯಲೂ ಅದೇ. ಇನ್ನೂ ಒಂದು ಕಡಿಮೆ ಇದ್ದರೂ ನಷ್ಟವಿಲ್ಲ. ಆಮೇಲೆ ಎಕ್ಸಾಸ್ಟ್ ಸ್ವಿಚ್ ಹಾಕಿ, ಕ್ಲಚ್ ಮತ್ತು ಎಕ್ಸಿಲೇಟರ್ ಎರಡರಿಂದಲೂ ಕಾಲು ತೆಗೆಯುತ್ತೇನೆ. ಯಾವುದನ್ನು ಒತ್ತಿದರೂ ಅದು ಬಿಟ್ಟುಕೊಳ್ಳುತ್ತದೆ. ಮೇಲಿನ ಗೇರಿನಲ್ಲಿ ಸ್ವಿಚ್ ಹಾಕಿದರೆ ಬರೀ ಸದ್ದು, ಹಿಡಿತ ಇರುವುದಿಲ್ಲ. ಇಂಜಿನ್ ಜೋರಾಗಿ ತಿರುಗಿದಷ್ಟೂ ಹಿಡಿತ ಜಾಸ್ತಿ. ಹಾಗಂತ ಆರ್‌ಪಿಎಂ ಮೀಟರಿನ ಮುಳ್ಳು ಕೆಂಪು ಪಟ್ಟಿಗೆ ಹೋಗಬಾರದು. ಹತ್ತಿರ ಬಂತು ಅನ್ನಿಸಿದರೆ ಕಾಲುಬ್ರೇಕ್ ಒಮ್ಮೆ ಗಟ್ಟಿಯಾಗಿ ಒತ್ತಿ, ಎಂಟು ಹತ್ತು ಕಿಲೋಮೀಟರ್ ವೇಗ ಇಳಿಸಿ, ಪೂರ್ತಿ ಬಿಡಿ. ಸವರಿಕೊಂಡೇ ಇರಬೇಡಿ, ಡ್ರಮ್ ಕಾಯುವುದು ಅದರಿಂದಲೇ.

ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಅದು ಬೇಡ. ಅಷ್ಟೂ ಭಾರ ಲೈನರ್ ಮೇಲೆ ಬೀಳುತ್ತದೆ. ಇಳಿಜಾರಿನ ಮಧ್ಯೆ ಗೇರ್ ಬದಲಿಸಲು ಹೋಗಿ, ಕೆಳಗಿನ ಗೇರ್ ಬೀಳದೆ ನ್ಯೂಟ್ರಲ್‌ನಲ್ಲೇ ಉಳಿದವರೂ ಇದ್ದಾರೆ. ಅದಕ್ಕೇ ಮೊದಲೇ ಗೇರ್ ಇಳಿಸಿ ಎಂದಿದ್ದು.

ಗ್ಯಾರೇಜಿನವರು, ತುಮಕೂರು:

ಇಂಜಿನ್ ಹಾಳಾಗುತ್ತದೆ ಅನ್ನುವ ಮಾತಿಗೆ ಉತ್ತರ. ಕಂಪನಿಯೇ ಕೊಟ್ಟ ಎಕ್ಸಾಸ್ಟ್ ಬ್ರೇಕ್‌ನಿಂದ ಹಾಳಾಗುವುದಿಲ್ಲ. ಹೊಗೆ ಹೋಗುವ ಪೈಪಿನಲ್ಲಿ ಒಂದು ತಟ್ಟೆ ಇರುತ್ತದೆ. ಸ್ವಿಚ್ ಹಾಕಿದರೆ ಅದು ಮುಚ್ಚಿಕೊಂಡು, ಡೀಸೆಲ್ ನಿಲ್ಲುತ್ತದೆ. ಪಿಸ್ಟನ್ ಮೇಲೆ ಬಂದು ಗಾಳಿ ಹೊರಗೆ ತಳ್ಳಲು ನೋಡಿದಾಗ ದಾರಿ ಕಟ್ಟಿರುತ್ತದೆ, ಆ ಒತ್ತಡವೇ ಗಾಡಿಯನ್ನು ಹಿಡಿಯುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಎಕ್ಸಿಲೇಟರ್ ಬಿಟ್ಟರೆ ಇಂಜಿನ್ ತಾನೇ ಎಳೆದು ಹಿಡಿಯುತ್ತದೆ ಅಲ್ವಾ? ಡೀಸೆಲ್‌ನಲ್ಲಿ ಗಾಳಿ ತಡೆಯುವ ಹಾಗೆ ಥ್ರಾಟಲ್ ಇರುವುದಿಲ್ಲ, ಹಾಗಾಗಿ ಹಿಡಿತ ಕಡಿಮೆ. ಆ ಕೊರತೆ ತುಂಬಲು ಇದನ್ನು ಕೊಟ್ಟಿದ್ದಾರೆ.

ಬಳಸದೆ ಬಿಟ್ಟರೇ ತೊಂದರೆ. ತಟ್ಟೆಗೆ ಮಸಿ ಕಟ್ಟಿ ಜಾಮ್ ಆಗುತ್ತದೆ. ಅರ್ಧ ಮುಚ್ಚಿ ನಿಂತರೆ ಪಿಕಪ್ ಹೋಗುತ್ತದೆ, ಕಪ್ಪು ಹೊಗೆ ಬರುತ್ತದೆ. ಜನ ಪಂಪ್, ನಾಜಲ್ ಎಲ್ಲಾ ಬಿಚ್ಚಿಸಿ ಕೊನೆಗೆ ನನ್ನ ಹತ್ತಿರ ಬರುತ್ತಾರೆ. ಸಮತಟ್ಟು ರಸ್ತೆಯಲ್ಲೂ ದಿನಕ್ಕೆ ಒಂದೆರಡು ಸಲ ಹಾಕಿ ತೆಗೆಯಿರಿ. ಹೊಸ ಗಾಡಿ ಕೈಗೆ ಬಂದ ದಿನವೇ ಲಿವರ್ ಆಡುತ್ತದಾ, ಏರ್ ಸಿಲಿಂಡರ್ ಲೀಕ್ ಇದೆಯಾ ನೋಡಿಸಿ.

ಡಿಪ್ಲೊಮಾ ಕಾಲೇಜಿನ ಮೇಷ್ಟ್ರು, ಹಾಸನ:

ಒಂದು ಸಣ್ಣ ಲೆಕ್ಕ. 40 ಟನ್ ಗಾಡಿ 800 ಮೀಟರ್ ಎತ್ತರ ಇಳಿದರೆ ಹುಟ್ಟುವ ಶಕ್ತಿ ಸುಮಾರು 31 ಕೋಟಿ ಜೂಲ್. ಸಾವಿರ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ, ನೀವು ಹೋಗುವುದು ಸಮುದ್ರದ ದಡಕ್ಕೆ. ಅಷ್ಟು ಬಿಸಿಯನ್ನು ಡ್ರಮ್‌ಗಳೇ ತಡೆಯಬೇಕಾ, ಸ್ವಲ್ಪ ಇಂಜಿನ್ನಿಗೂ ಹಂಚಬೇಕಾ, ಯೋಚನೆ ಮಾಡಿ.

ಕ್ಯಾಂಪಿಂಗ್ ಟ್ರೇಲರ್ ಎಳೆಯುವವರು, ಡೆನ್ವರ್ (ಅಮೆರಿಕ):

ನಾನು ಲಾರಿ ಡ್ರೈವರ್ ಅಲ್ಲ. ಡೀಸೆಲ್ ಪಿಕಪ್ ಹಿಂದೆ ಟ್ರೇಲರ್ ಕಟ್ಟಿಕೊಂಡು ಮನೆಯವರ ಜೊತೆ ಬೆಟ್ಟಕ್ಕೆ ಹೋಗುತ್ತೇನೆ. ಇಲ್ಲಿ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಎರಡೂ ಕಡೆ ಕಡಿದಾದ ಇಳಿಜಾರು. ಇದೇ ಹೆದ್ದಾರಿಯಲ್ಲಿ ಡೆನ್ವರ್ ಪಕ್ಕದ ಲೇಕ್‌ವುಡ್‌ನಲ್ಲಿ 2019ರ ಏಪ್ರಿಲ್‌ನಲ್ಲಿ ಒಂದು ಲಾರಿ ಬೆಟ್ಟ ಇಳಿದು ಬಂದು ನಿಂತಿದ್ದ ವಾಹನಗಳಿಗೆ ನುಗ್ಗಿತು. ನಾಲ್ಕು ಜನ ಸತ್ತರು. ಬ್ರೇಕ್ ಹಿಡಿಯಲಿಲ್ಲ ಎಂದು ಚಾಲಕ ಹೇಳಿದ್ದ. ಆಮೇಲೆ ನಾನು ಆ ಸ್ವಿಚ್ ಹಾಕದೆ ಬೆಟ್ಟ ಇಳಿದದ್ದೇ ಇಲ್ಲ.

ಲಾರಿಗಳಲ್ಲಿ ಇಂಜಿನ್ನಿನ ವಾಲ್ವ್ ತೆರೆದು ಒತ್ತಡ ಬಿಡುವ ಜೇಕ್ ಬ್ರೇಕ್ ಅಂತ ಇನ್ನೊಂದಿದೆ. ಅದರ ಹಿಂದಿನ ಕಥೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಕಮ್ಮಿನ್ಸ್ ಕಂಪನಿ ಕಟ್ಟಿದ ಕ್ಲೆಸ್ಸಿ ಕಮ್ಮಿನ್ಸ್ 1931ರಲ್ಲಿ ಡೀಸೆಲ್ ಟ್ರಕ್‌ನಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಪಾಸ್ ಇಳಿಯುವಾಗ ಬ್ರೇಕ್ ಕೈಕೊಟ್ಟಿತು. ಕೆಳಗೆ ಹಳಿ ದಾಟುವಲ್ಲಿ ರೈಲು ಬರುತ್ತಿತ್ತು, ಕೂದಲೆಳೆಯಲ್ಲಿ ಉಳಿದರು. ಇಂಜಿನ್ನೇ ಗಾಡಿ ಹಿಡಿಯಬೇಕು ಅನ್ನುವ ಯೋಚನೆ ಅವರನ್ನು ಬಿಡಲಿಲ್ಲ. 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು.

ನಾನು ಕಲಿತ ಇನ್ನೆರಡು ವಿಷಯ. ಎಕ್ಸಾಸ್ಟ್ ಬ್ರೇಕ್ ಹಿಡಿಯುವುದು ಮುಂದಿನ ಗಾಡಿಯ ಇಂಜಿನ್ ತಿರುಗಿಸುವ ಚಕ್ರಗಳನ್ನು ಮಾತ್ರ. ಹಿಂದಿನ ಟ್ರೇಲರ್ ತಳ್ಳುತ್ತಲೇ ಇರುತ್ತದೆ. ಟ್ರೇಲರ್‌ನ ಬ್ರೇಕ್ ಸರಿ ಇಲ್ಲದಿದ್ದರೆ ಈ ಸ್ವಿಚ್ ನಂಬಿ ಹೊರಡಬೇಡಿ. ಎರಡನೆಯದು, ತುಂಬಾ ಗಾಡಿಗಳಲ್ಲಿ ಇದು ಹಿಡಿದಾಗ ಹಿಂದಿನ ಕೆಂಪು ಲೈಟ್ ಹತ್ತುವುದಿಲ್ಲ. ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಪೆಡಲ್ ಮೆಲ್ಲಗೆ ಮುಟ್ಟಿ ಲೈಟ್ ತೋರಿಸಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ. ಹೋಗುವುದು ಜುಲೈನಲ್ಲಿ, ಘಾಟಿಯಲ್ಲಿ ಮಳೆ ಬಿಡುವುದಿಲ್ಲ. ಆಗಲೂ ಹಾಕಬಹುದಾ?

ಟ್ರೇಲರ್ ಡ್ರೈವರ್, ಸಕಲೇಶಪುರ:

ಒಳ್ಳೆಯ ಪ್ರಶ್ನೆ, ನಾನೇ ಮೊದಲು ಹೇಳಬೇಕಿತ್ತು. ಲೋಡ್ ಇದ್ದು ಟೈರ್ ಚೆನ್ನಾಗಿದ್ದರೆ ಮಳೆಯಲ್ಲೂ ಹಾಕುತ್ತೇನೆ, ಆದರೆ ವೇಗ ಇನ್ನೂ ಕಡಿಮೆ. ರಸ್ತೆ ಮೇಲೆ ಕೆಸರು, ಎಣ್ಣೆ ಕಂಡರೆ ತಿರುವಿಗೆ ಮೊದಲೇ ಕಾಲುಬ್ರೇಕ್‌ನಲ್ಲಿ ನಿಧಾನ ಮಾಡಿ ಸ್ವಿಚ್ ತೆಗೆಯುತ್ತೇನೆ. ಖಾಲಿ ಟ್ರೇಲರ್ ಆದರೆ ಒದ್ದೆ ಇಳಿಜಾರಿನಲ್ಲಿ ಹಾಕುವುದೇ ಇಲ್ಲ. ಭಾರ ಇಲ್ಲದ ಚಕ್ರ ಜಾರಿತು ಅಂದರೆ ಹಿಂದಿನದು ಪಕ್ಕಕ್ಕೆ ಬಂದು ಕತ್ತರಿ ಹಾಗೆ ಮಡಚಿಕೊಳ್ಳುತ್ತದೆ. ಆಗ ಕೆಳಗಿನ ಗೇರ್ ಮತ್ತು ತಾಳ್ಮೆ ಅಷ್ಟೇ.

ಮೊದಲ ಟ್ರಿಪ್ ಹಗಲು ಹೊತ್ತಿನಲ್ಲಿ ಇಟ್ಟುಕೊಳ್ಳಿ. ಘಾಟಿ ಶುರುವಾಗುವ ಮೊದಲು ಒಂದು ಟೀ ಕುಡಿದು, ಚಕ್ರ ಮುಟ್ಟಿ ನೋಡಿ, ಗಾಳಿ ಮೀಟರ್ ನೋಡಿ ಹೊರಡಿ. ಘಾಟಿ ಕೆಳಗಿನ ಗುಂಡ್ಯ ತಲುಪಿದ ಮೇಲೆ ಇಲ್ಲಿ ಒಂದು ಮಾತು ಹಾಕಿ ತಮ್ಮಾ, ಕಾಯುತ್ತಿರುತ್ತೇನೆ.